ಗೋಡೆಯ ಮರೆಯ ಕಾಯಕ

ಕಣ್ಣಿಗೆ ಕಾಣುವ ಕೆಲಸದಲ್ಲಿ ಪ್ರಾಮಾಣಿಕನಾಗಿರುವುದು ಸುಲಭ. ಒಡೆಯನ ನೋಟ, ನೆರೆಯವರ ಮಾತು ಇವೆರಡೂ ಅಲ್ಲಿ ಮನುಷ್ಯನನ್ನು ಕಾಯುತ್ತವೆ. ಆದರೆ ಮುಗಿದೊಡನೆ ಗಾರೆಯ ಮರೆಗೆ ಸೇರುವ ಕೊಳಾಯಿ ಕೆಲಸದಲ್ಲಿ ಅವನನ್ನು ಕಾಯುವವರಾರು?

ಬೆಂಗಳೂರಿಗೆ ಹೆಸರಘಟ್ಟದ ನೀರು 1896ರಲ್ಲಿ ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯದೂ 1974ರಲ್ಲಿ ಕಾವೇರಿಯದೂ ಸೇರಿದವು. ನೀರು ಹೆಚ್ಚಿತಾದರೂ ಹಳೆಯ ಪೇಟೆಗಳ ಅಂಗಡಿ, ಖಾನಾವಳಿ, ವಸತಿಗೃಹಗಳ ಗೋಡೆಗಳಲ್ಲಿ ಹಿಂದಿನ ಕಬ್ಬಿಣದ ಕೊಳವೆಗಳು ಎಷ್ಟೋ ಕಡೆ ಹಾಗೆಯೇ ಉಳಿದಿವೆ. ಸತುವಿನ ಲೇಪ ಸವೆದ ಮೇಲೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ತುಕ್ಕು ಗಡ್ಡೆಗಟ್ಟಿ ನೀರಿನ ದಾರಿ ಕಿರಿದಾಗುತ್ತದೆ. ಕಡೆಗೆ ಕೊಳವೆ ತೂತಾಗುತ್ತದೆ. ಪಕ್ಕದಲ್ಲಿಯೇ ಕೊಳಚೆಯ ಕೊಳವೆಯೂ ಸೋರುತ್ತಿದ್ದರೆ, ನೀರು ನಿಂತು ಒತ್ತಡವಿಳಿದ ವೇಳೆಯಲ್ಲಿ ಆ ಕೊಳೆಯು ತೂತಿನ ಮೂಲಕ ಕುಡಿಯುವ ನೀರನ್ನು ಸೇರಬಲ್ಲುದು.

ಮೈಲಾರ, ಕೂಡ್ಲಿಗಿ, ಹರಪನಹಳ್ಳಿಗಳ ಕಡೆಯಿಂದ ದುಡಿಮೆಗೆಂದು ಆ ನಗರವನ್ನು ಸೇರಿದ ತರುಣನೊಬ್ಬನು ಇಂತಹ ಗೋಡೆಯನ್ನು ತೆರೆದನೆಂದು ಇಟ್ಟುಕೊಳ್ಳೋಣ. ಕಟ್ಟಡದ ಒಡೆಯನು, "ಸೋರುವಷ್ಟಕ್ಕೆ ತೇಪೆ ಹಾಕಿ ಗಾರೆ ಮೆತ್ತು" ಎನ್ನುತ್ತಾನೆ. ಕೂಲಿ ಕೊಟ್ಟವನ ಮಾತು ನಡೆಸಿದೊಡನೆ ಕೆಲಸಗಾರನ ಕರ್ತವ್ಯವು ತೀರಿತೆ?

ತೀರಲಿಲ್ಲ. ಕೂಲಿ ಕೊಡುವವನು ಒಬ್ಬ. ನೀರು ಕುಡಿಯುವವರು ಹಲವರು. ಕಾಯಕದ ಫಲವು ಸಮಾಜಕ್ಕೆ ಸಲ್ಲಬೇಕೆಂದೇ ಶರಣರು ಅದನ್ನು ದಾಸೋಹದೊಡನೆ ಬೆಸೆದರು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಹೆಚ್ಚಿನದನ್ನು ಹಿಂದಿರುಗಿಸಿ ಬರಹೇಳಿದಳೆಂಬ ಕಥೆಯನ್ನು ಎಲ್ಲರೂ ಬಲ್ಲರು. ಆ ಅಕ್ಕಿಯನ್ನು ಹೊರಗಿನವರಾರೂ ಅಳೆದು ನೋಡುತ್ತಿರಲಿಲ್ಲ. ಅಳೆದುದು ಅವಳ ಅಂತರಂಗ.

ಹಾಗೆಂದು ಎಲ್ಲ ಭಾರವನ್ನೂ ಬಡ ಕೆಲಸಗಾರನ ಮೇಲೆ ಹೊರಿಸುವುದು ನ್ಯಾಯವಲ್ಲ. ಗೋಡೆಗಳನ್ನು ಒಡೆಸಿ ಹೊಸ ಕೊಳವೆ ಹಾಕಿಸುವ ಹಣವೂ ಅಧಿಕಾರವೂ ಅವನಿಗಿಲ್ಲ. ತೇಪೆ ಹಾಕುವುದರಲ್ಲಿ ದೋಷವಿಲ್ಲ. ತೇಪೆಯನ್ನೇ ಪೂರ್ಣ ದುರಸ್ತಿಯೆಂದು ನಂಬಿಸುವುದರಲ್ಲಿದೆ. ಗಾರೆ ಮೆತ್ತುವ ಮುನ್ನ ಒಡೆಯನನ್ನು ಕರೆದು ತುಕ್ಕನ್ನು ತೋರಿಸುವುದು ಕೆಲಸಗಾರನ ಧರ್ಮ. ಕುಡಿಯುವ ನೀರಿಗೆ ಕೊಳೆ ಸೇರುತ್ತಿರುವುದು ಕಂಡರೆ, ಕೂಲಿ ಹೋದರೂ ಅದನ್ನು ಮುಚ್ಚಲಾರೆನೆನ್ನುವುದೂ ಅವನ ಧರ್ಮ. ಅವನ ಮಾತಿಗೆ ಕಿವಿಗೊಟ್ಟು, ಸಲ್ಲುವ ಕೂಲಿ ಕೊಟ್ಟು ಸರಿಪಡಿಸಿಕೊಳ್ಳುವುದು ಒಡೆಯನ ಧರ್ಮ. ನಿಜ ಹೇಳಿದವನನ್ನು ಕಳುಹಿಸಿ, ಅಗ್ಗಕ್ಕೆ ಸುಮ್ಮನೆ ಮುಚ್ಚಿ ಹೋಗುವವನನ್ನು ಕರೆತರುವವನು ಆ ಸುಳ್ಳಿನಲ್ಲಿ ಹಿರಿಯ ಪಾಲುಗಾರ.

ಆದುದರಿಂದ ಸದ್ಭಕ್ತರಾದ ಗೃಹಸ್ಥರು ಕೆಲಸಗಾರನಿಂದ ಸತ್ಯವನ್ನು ಬಯಸುವುದಾದರೆ, ಸತ್ಯ ನುಡಿದುದಕ್ಕಾಗಿ ಅವನು ಅಂದಿನ ಅನ್ನವನ್ನು ಕಳೆದುಕೊಳ್ಳದಂತೆ ಮೊದಲು ನಡೆದುಕೊಳ್ಳಬೇಕು.