ಉಂಗುರದ ಬೆಲೆ, ಕೊಡುವವನ ಮನಸ್ಸು

ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಈಗ ಮದುವೆಯ ವಯಸ್ಸಿಗೆ ಬಂದಿದ್ದಾರೆ. ಯುಗಾದಿ, ದೀಪಾವಳಿಗೆ ನಾವೆಲ್ಲ ಸೇರಿದಾಗ ಊಟದ ಸಾಲಿನಲ್ಲಿ ನಿಂತೇ ಕೆಲವರು ಕೇಳುವುದುಂಟು: "ಡಾಕ್ಟ್ರೇ, ಈಗ ನಿಶ್ಚಿತಾರ್ಥಕ್ಕೆ ವಜ್ರದ ಉಂಗುರವೇ ಆಗಬೇಕಂತೆ. ನಮ್ಮ ಹುಡುಗನಿಗೆ ಕೆಲಸ ಸಿಕ್ಕಿ ಇನ್ನೂ ವರ್ಷವಾಗಿಲ್ಲ. ಎಷ್ಟು ಖರ್ಚು ಮಾಡಬೇಕು?" ವೈದ್ಯನಿಗೆ ಸಲ್ಲುವ ಪ್ರಶ್ನೆಯಲ್ಲ, ನಿಜ. ಆದರೆ ಮೇಲ್ನೋಟಕ್ಕೆ ಹಣದ ಲೆಕ್ಕವಾಗಿ ಕಾಣುವ ಇದರ ಒಳಗೆ ಒಂದು ಧರ್ಮಸೂಕ್ಷ್ಮ ಅಡಗಿದೆ. ಕೈಲಾಗದ್ದನ್ನು ಸಾಲ ಮಾಡಿ ಕೊಟ್ಟರೆ ಅದು ಕಾಣಿಕೆಯಾಗುತ್ತದೆಯೇ? ಕೈಲಾದಷ್ಟೇ ಕೊಟ್ಟರೆ ಪ್ರೀತಿ ಕಡಿಮೆಯೆಂದು ಅರ್ಥವೇ?

ನಮ್ಮ ಹಿರಿಯರ ಕಾಲದ ನಿಶ್ಚಿತಾರ್ಥದಲ್ಲಿ ಮುಖ್ಯವಾದದ್ದು ತಾಂಬೂಲ. ಎಲೆ ಅಡಿಕೆ, ತೆಂಗಿನಕಾಯಿ ಬದಲಾಯಿಸಿ ಹಿರಿಯರು ಆಡಿದ ಮಾತೇ ಪ್ರಮಾಣ. ಅನುಕೂಲಸ್ಥರ ಮನೆಯಲ್ಲಿ ವಜ್ರವಿದ್ದರೆ ಅದು ಓಲೆಯಲ್ಲೋ ಮೂಗುಬೊಟ್ಟಿನಲ್ಲೋ ಇರುತ್ತಿತ್ತು; ತಾಯಿಯಿಂದ ಮಗಳಿಗೆ ಇಳಿದು ಬರುತ್ತಿತ್ತು. ಬೆರಳಿಗೆ ವಜ್ರ ತೊಡಿಸುವ ಪದ್ಧತಿ ಪಶ್ಚಿಮದಲ್ಲಿಯೂ ಜನಸಾಮಾನ್ಯರ ಮಟ್ಟಿಗೆ ಬಹಳ ಹಳೆಯದಲ್ಲ. 1870ರ ದಶಕದಿಂದ ದಕ್ಷಿಣ ಆಫ್ರಿಕದ ಗಣಿಗಳ ಹರಳು ಹೇರಳವಾಗಿ ಬರತೊಡಗಿದ ಮೇಲೆ ಅದು ಮಧ್ಯಮ ವರ್ಗದವರ ಕೈಗೆಟುಕಿತು. ವಜ್ರ ಎಂದೆಂದಿಗೂ ಉಳಿಯುವಂಥದ್ದು ಎಂಬ ಪ್ರಸಿದ್ಧ ಘೋಷಣೆ ಡಿ ಬಿಯರ್ಸ್ ಕಂಪನಿಯ ಜಾಹೀರಾತಿಗಾಗಿ ಫ್ರಾನ್ಸಿಸ್ ಗೆರೆಟಿ ಎಂಬ ಮಹಿಳೆ 1947ರಲ್ಲಿ ಬರೆದದ್ದು. ಎರಡು ತಿಂಗಳ ಸಂಬಳವನ್ನು ಉಂಗುರಕ್ಕೆ ಹಾಕಬೇಕೆಂಬ ಮಾತನ್ನು ಹಬ್ಬಿಸಿದ್ದು ಅದೇ ಕಂಪನಿಯ 1980ರ ದಶಕದ ಜಾಹೀರಾತುಗಳು. ಇದು ಯಾವ ಶಾಸ್ತ್ರದಲ್ಲಿಯೂ ಇಲ್ಲ; ಮಾರುವವನು ಬರೆದುಕೊಟ್ಟ ಶಾಸ್ತ್ರ.

ನಾವು ವಾಸಿಸುವ ಈ ನಾಡಿಗೂ ವಜ್ರಕ್ಕೂ ಹಳೆಯ ನಂಟು. 3106 ಕ್ಯಾರೆಟ್ ತೂಕದ ಕಲಿನನ್ ವಜ್ರವನ್ನು 1908ರಲ್ಲಿ ಸೀಳಿದ್ದು ಆಮ್ಸ್ಟರ್‌ಡ್ಯಾಮಿನ ಯೋಸೆಫ್ ಆಶರ್. ಅದೇ ಊರಿನ ವಜ್ರದ ಕೆಲಸಗಾರರು 1894ರಲ್ಲಿ ಹೆನ್ರಿ ಪೋಲಾಕ್ ಮುಂದಾಳತ್ವದಲ್ಲಿ ಸಂಘ ಕಟ್ಟಿ, 1911ರಲ್ಲಿ ದಿನಕ್ಕೆ ಎಂಟು ಗಂಟೆಯ ದುಡಿಮೆಯ ಹಕ್ಕನ್ನು ಗಳಿಸಿದರು. ಬೆರ್ಲಾಖೆ ವಿನ್ಯಾಸ ಮಾಡಿದ ಅವರ ಕಟ್ಟಡ ಇಂದಿಗೂ ಪ್ಲಾಂಟಾಖೆ ಬಡಾವಣೆಯಲ್ಲಿದೆ. ಆ ಕೆಲಸಗಾರರಲ್ಲಿ ಬಹುಪಾಲು ಯಹೂದ್ಯರು; ಎರಡನೆಯ ಮಹಾಯುದ್ಧದಲ್ಲಿ ಅವರಲ್ಲಿ ಅಸಂಖ್ಯ ಮಂದಿ ನಾಜಿಗಳ ಶಿಬಿರಗಳಲ್ಲಿ ಪ್ರಾಣ ಕಳೆದುಕೊಂಡರು. ಇಂದು ಜಗತ್ತಿನ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತಕ್ಕೆ ಸಾಣೆ ಹಿಡಿಯುವುದು ನಮ್ಮ ಸೂರತ್ತಿನಲ್ಲಿ. ನೆಲದಿಂದ ಬಂದ ಹರಳು ಮಂಕಾಗಿರುತ್ತದೆ. ಬೆಳಕು ಬರುವುದು ಮನುಷ್ಯನ ಕೈಯಿಂದ.

ಕಡಿಮೆ ಹಣದಲ್ಲಿ ಆರಿಸುವವರು ಮೊದಲು ನೋಡಬೇಕಾದದ್ದೂ ಈ ಕೈಗೆಲಸವನ್ನೇ. ಸಾಣೆ ಚೆನ್ನಾಗಿದ್ದರೆ ಚಿಕ್ಕ ಹರಳೂ ಮಿನುಗುತ್ತದೆ. ಕೆಟ್ಟಿದ್ದರೆ ದೊಡ್ಡದೂ ಮಬ್ಬು. ಇನ್ನು ತೂಕ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಅಷ್ಟು ತೂಕದ ದುಂಡು ಹರಳು ಸುಮಾರು 6.5 ಮಿಲಿಮೀಟರ್ ಅಗಲವಿದ್ದರೆ 0.90 ಕ್ಯಾರೆಟ್ಟಿನದು ಸುಮಾರು 6.2. ಒಂದು ಎಂಬ ಗಡಿ ದಾಟುವಾಗ ಬೆಲೆ ಒಮ್ಮೆಗೇ ಜಿಗಿಯುವುದರಿಂದ ಈ ವ್ಯತ್ಯಾಸ ಕಣ್ಣಿಗೆ ಕಾಣದಿದ್ದರೂ ಜೇಬಿಗೆ ಚೆನ್ನಾಗಿ ಕಾಣುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಮಾತ್ರ ಕಾಣುವ ಕಲೆಗೆ ಹೆದರಬೇಕಿಲ್ಲ. ಉಂಗುರವನ್ನು ಮಸೂರ ಹಿಡಿದು ನೋಡುವ ನೆಂಟರು ಬಂದರೆ ಕಾಫಿ ಕೊಟ್ಟು ಕಳಿಸೋಣ. ಇಲ್ಲಿನ ಅಂಗಡಿಗಳ 14 ಕ್ಯಾರೆಟ್ ಚಿನ್ನವನ್ನು ಕಂಡು ಮೂಗು ಮುರಿಯುವುದೂ ಬೇಡ. ನಮ್ಮ 22 ಕ್ಯಾರೆಟ್ ಚಿನ್ನ ಮೆದು. ಹರಳನ್ನು ಹಿಡಿಯುವ ಕೊಕ್ಕೆಗಳಿಗೆ ಗಟ್ಟಿ ಚಿನ್ನವೇ ಮೇಲು. ಅಜ್ಜಿಯ ಮೂಗುಬೊಟ್ಟಿನ ಹರಳು ಮನೆಯಲ್ಲಿದ್ದರೆ ಅದನ್ನೇ ಉಂಗುರಕ್ಕೆ ಕಟ್ಟಿಸಬಹುದು. ಅದಕ್ಕಿಂತ ಬೆಲೆಬಾಳುವುದು ಯಾವ ಅಂಗಡಿಯಲ್ಲಿದೆ?

ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರದ ಮಾತೂ ಬರುತ್ತದೆ. ಅದು ಗಾಜಲ್ಲ, ಅದೂ ಶುದ್ಧ ಇಂಗಾಲವೇ. ಬರಿಗಣ್ಣಿಗೆ ಭೇದ ತಿಳಿಯದು. ಬೆಲೆ ಮಾತ್ರ ಗಣಿಯ ವಜ್ರಕ್ಕಿಂತ ಬಹಳ ಕಡಿಮೆ. "ಅದು ಸುಳ್ಳು ವಜ್ರವಲ್ಲವೇ?" ಎನ್ನುವವರಿಗೆ ನನ್ನ ವೃತ್ತಿಯ ಒಂದು ಉದಾಹರಣೆ ಕೊಡುತ್ತೇನೆ. ಹಿಂದೆ ಇನ್ಸುಲಿನ್ ಅನ್ನು ಹಂದಿ, ದನಗಳ ಗ್ರಂಥಿಯಿಂದ ತೆಗೆಯುತ್ತಿದ್ದರು. 1982ರಿಂದ ಸೂಕ್ಷ್ಮಾಣುಗಳಲ್ಲಿ ಬೆಳೆಸಿದ ಇನ್ಸುಲಿನ್ ಬಳಕೆಗೆ ಬಂತು. ಅದನ್ನು ಯಾರೂ ಸುಳ್ಳು ಇನ್ಸುಲಿನ್ ಎನ್ನಲಿಲ್ಲ. ಆದರೆ ಔಷಧಿಗೂ ಒಡವೆಗೂ ಒಂದು ಅಂತರವಿದೆ. ಒಡವೆಯಲ್ಲಿ ಅದು ಎಲ್ಲಿಂದ ಬಂತೆಂಬುದೂ ಬೆಲೆಯ ಒಂದು ಭಾಗ. ಆದ್ದರಿಂದ ಸುಳ್ಳು ಇರುವುದು ಹರಳಿನಲ್ಲಲ್ಲ, ಹೇಳದೆ ಕೊಡುವುದರಲ್ಲಿ. ರೋಗಿಗೆ ತಿಳಿಸದೆ ನಾವು ಚಿಕಿತ್ಸೆ ಮಾಡುವಂತಿಲ್ಲ. ಬಾಳಸಂಗಾತಿಗೆ ಅಷ್ಟು ಮರ್ಯಾದೆಯಾದರೂ ಸಲ್ಲಬೇಡವೇ?

ಇಲ್ಲೊಂದು ಆಕ್ಷೇಪಣೆ ಬರಬಹುದು. ಸ್ವಲ್ಪವೂ ನೋಯದೆ ಕೊಟ್ಟದ್ದು ಕಾಣಿಕೆಯೇ? ಒಪ್ಪುತ್ತೇನೆ, ತ್ಯಾಗಕ್ಕೆ ಬೆಲೆಯಿದೆ. ಹುಡುಗ ಒಂದು ವರ್ಷ ರಜೆಯ ಪ್ರವಾಸ ಬಿಟ್ಟು ಹಣ ಕೂಡಿಟ್ಟರೆ ಅದು ಅವನ ತ್ಯಾಗ. ಆದರೆ ಕಂತಿನ ಸಾಲದ ವಿಷಯ ಬೇರೆ. ಮದುವೆಯ ನಂತರ ಆ ಕಂತು ಇಬ್ಬರ ಸಂಸಾರದಿಂದ ಹೋಗುತ್ತದೆ. ಹುಡುಗಿ ತನಗೆ ಬಂದ ಕಾಣಿಕೆಗೆ ತಾನೇ ಅರ್ಧ ಹಣ ತೆತ್ತಂತಾಯಿತು! ಸಾಲದ ಹೊರೆಯಿದ್ದರೆ ಈ ದೇಶದಲ್ಲಿ ಮನೆಸಾಲವೂ ಅಷ್ಟು ಕಡಿಮೆ ಸಿಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಜಿಪುಣರಿಗಾಗಿ ಹುಟ್ಟಿದ್ದಲ್ಲ. ಹಾಸಿಗೆಯಲ್ಲಿ ಇನ್ನೊಬ್ಬರಿಗೂ ಜಾಗ ಬೇಕು ಎನ್ನುವವರಿಗಾಗಿ.

ಪುರಂದರದಾಸರ ಮೂಗುತಿಯ ಕಥೆ ನಮಗೆಲ್ಲ ಗೊತ್ತು. ಜಿಪುಣ ವ್ಯಾಪಾರಿ ಶ್ರೀನಿವಾಸ ನಾಯಕನ ಹೆಂಡತಿ ಸರಸ್ವತಿ, ಬೇಡಿ ಬಂದ ಬಡ ಬ್ರಾಹ್ಮಣನಿಗೆ ತವರಿನವರು ಕೊಟ್ಟಿದ್ದ ಮೂಗುತಿಯನ್ನೇ ತೆಗೆದುಕೊಟ್ಟಳು. ಅದು ಗಂಡನ ಅಂಗಡಿಗೇ ಬಂತು. ಕಂಡೊಡನೆ ಗುರುತು ಹಿಡಿದ ನಾಯಕ ಅದನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು ಮನೆಗೆ ಓಡಿದ. ನಾವು ಇದನ್ನು ಭಕ್ತಿಯ ಕಥೆಯಾಗಿ ಕೇಳಿದ್ದೇವೆ. ದಾಂಪತ್ಯದ ಕಥೆಯಾಗಿಯೂ ಕೇಳಬಹುದು. ಮೂಗುತಿ ಅವಳದು, ಕೊಡುವ ಹಕ್ಕೂ ಅವಳದು. ಆದರೂ ಗಂಡ ಕೇಳಿದಾಗ ಅವಳು ವಿಷ ಕುಡಿಯಲು ಹೊರಟಳು. ಏಕೆಂದರೆ ಒಡವೆ ಅವಳ ಮೂಗಿನಲ್ಲಿದ್ದರೂ ಅದರ ಬೆಲೆ ಗಂಡನ ಲೆಕ್ಕದ ಪುಸ್ತಕದಲ್ಲಿತ್ತು.

ನನಗೆ ತೋಚುವ ಉತ್ತರ ಇದು. ಕೊಟ್ಟ ಮೇಲೂ ಕೊಟ್ಟವನ ಲೆಕ್ಕದಲ್ಲಿ ಉಳಿಯುವ ಒಡವೆ ಕಾಣಿಕೆಯಲ್ಲ, ಒತ್ತೆ. ಶಕ್ತಿ ಮೀರಿ ಕೊಂಡದ್ದನ್ನು ಮನಸ್ಸು ಪೂರ್ತಿ ಬಿಟ್ಟುಕೊಡುವುದಿಲ್ಲ; ಜಗಳವಾದಾಗಲೆಲ್ಲ ಅದು ನೆನಪಿಗೆ ಬರುತ್ತದೆ. ಕೊಟ್ಟು ಮರೆಯಬಹುದಾದಷ್ಟೇ ಕೊಡುವುದು ಲೋಭವಲ್ಲ. ಆಸ್ಪತ್ರೆಯಲ್ಲಿ ಕೈ ಶುಚಿಯಾಗಿರಬೇಕೆಂದು ನಾವು ವೈದ್ಯರು, ದಾದಿಯರು ಉಂಗುರ ತೆಗೆದಿಟ್ಟೇ ಕೆಲಸ ಮಾಡುತ್ತೇವೆ. ಬರಿಬೆರಳಿನಿಂದ ಯಾರ ಮದುವೆಯೂ ಸಡಿಲವಾದದ್ದನ್ನು ನಾನು ಕಂಡಿಲ್ಲ.

ಹುಡುಗ ಹುಡುಗಿ ಇಬ್ಬರೂ ಕುಳಿತು ಮೊದಲು ಮೊತ್ತ ನಿಶ್ಚಯಿಸಲಿ, ಆಮೇಲೆ ಅಂಗಡಿಗೆ ಹೋಗಲಿ. ಹಿರಿಯರಾದ ನಾವು ಹರಳು ಎಷ್ಟು ದೊಡ್ಡದೆಂದು ಕೇಳುವುದನ್ನು ಬಿಡೋಣ. ಇದನ್ನು ಒಪ್ಪದವರು ದಯವಿಟ್ಟು ಮುಂದಿನ ಸಂಚಿಕೆಗೆ ಬರೆಯಿರಿ. ವಿಶೇಷವಾಗಿ ನಮ್ಮ ಯುವಕ ಯುವತಿಯರು.