ಸರಕಾರದ ಹಣವು ಯಾರದು?

ನೆರೆಯವನ ಹೊಲದಿಂದ ಒಂದು ಹೊರೆ ಕಣಿಕೆಯನ್ನು ಕೇಳದೆ ತಂದವನನ್ನು ಊರೆಲ್ಲವೂ ಕಳ್ಳನೆಂದು ಕರೆಯುವದು. ಅವನು ಪಂಚರ ಮುಂದೆ ತಲೆ ತಗ್ಗಿಸಿ ನಿಲ್ಲುವನು. ಅವನ ಮನೆಗೆ ಹೆಣ್ಣು ಕೊಡುವದಕ್ಕೆ ಜನರು ಹಿಂದುಮುಂದು ನೋಡುವರು. ಆದರೆ ಮಾಡದ ಕೆಲಸಕ್ಕೆ ಹಾಜರಿ ಬರೆಯಿಸಿ ಸರಕಾರದ ಹಣವನ್ನು ತಂದವನನ್ನು ನಾವು ಏನೆಂದು ಕರೆಯುತ್ತೇವೆ? ಅನೇಕ ಸಾರಿ ಜಾಣನೆಂದು ಕರೆಯುತ್ತೇವೆ. ಅವನ ಹೆಸರು ಪಟ್ಟಿಯಲ್ಲಿ ಬಂತು, ನಮ್ಮದು ಬರಲಿಲ್ಲವಲ್ಲಾ ಎಂದು ವ್ಯಸನಪಡುವವರೂ ಉಂಟು. ಒಂದೇ ಕೃತ್ಯವು ಹೊಲದಲ್ಲಿ ನಡೆದರೆ ಕಳ್ಳತನವೂ, ಕಚೇರಿಯಲ್ಲಿ ನಡೆದರೆ ಜಾಣತನವೂ ಆಗುವದು ಹೇಗೆ? ಪ್ರಿಯ ವಾಚಕರೇ, ಈ ಪ್ರಶ್ನೆಯನ್ನು ಈ ಸಾರಿ ನಾವೆಲ್ಲರೂ ಕೂಡಿ ವಿಚಾರಿಸೋಣ.

ಇದಕ್ಕೆ ಜನರು ಕೊಡುವ ಉತ್ತರವನ್ನು ನಾವು ಬಲ್ಲೆವು. ಹೊಲಕ್ಕೆ ಒಡೆಯನುಂಟು, ಸರಕಾರದ ಹಣಕ್ಕೆ ಒಡೆಯನಾರು? ಅದು ಮಳೆಯ ನೀರಿನ ಹಾಗೆ. ಯಾರ ಕೊಡ ಮುಂದಿದೆಯೋ ಅವರದು ತುಂಬುವದು ಎನ್ನುತ್ತಾರೆ. ಈ ಮಾತು ಕೇಳುವದಕ್ಕೆ ಸಲೀಸಾಗಿದೆ, ಆದರೆ ಸುಳ್ಳಾಗಿದೆ. ಸರಕಾರವು ಉಳುವದಿಲ್ಲ, ಬಿತ್ತುವದಿಲ್ಲ. ಕೂಲಿಯವಳು ಸಂತೆಯಲ್ಲಿ ಕೊಳ್ಳುವ ಸಾಬೂನಿನ ಬೆಲೆಯಲ್ಲಿಯೂ, ಅವಳ ಗಂಡನು ಮೆಟ್ಟುವ ಚಪ್ಪಲಿಯ ಬೆಲೆಯಲ್ಲಿಯೂ, ತೊಗರಿಯ ಹೊಲಕ್ಕೆ ಬರುವ ಟ್ರ್ಯಾಕ್ಟರಿನ ಡೀಸೆಲಿನಲ್ಲಿಯೂ ತೆರಿಗೆಯು ಅಡಗಿದೆ. 2017ರ ಜುಲೈ 1ರಿಂದ ಜಾರಿಗೆ ಬಂದ ಜಿ.ಎಸ್.ಟಿ.ಯನ್ನು ಸಾಹುಕಾರನು ಮಾತ್ರ ಕೊಡುತ್ತಾನೆಂದು ನೆನಸುವದು ತಪ್ಪು. ಅಂಗಡಿಯವನು ಅದನ್ನು ಕಟ್ಟುವನು, ಆದರೆ ಕೊಳ್ಳುವವನ ಸೆರಗಿನ ಗಂಟಿನಿಂದ ಅದು ಹೋಗುವದು. ಹೀಗಿರಲಾಗಿ ಸರಕಾರದ ಹಣವೆಂಬದು ಒಡೆಯನಿಲ್ಲದ ಹಣವಲ್ಲ. ಅದಕ್ಕೆ ಒಡೆಯರು ಬಹಳ ಮಂದಿ. ಅವರಲ್ಲಿ ನಮ್ಮ ಓಣಿಯ ವಿಧವೆಯೂ ಒಬ್ಬಳು.

ಈ ಸಂಗತಿ ನಮ್ಮ ಸೀಮೆಯವರಿಗೆ ಬೇಗ ತಿಳಿಯದೆ ಇರುವದಕ್ಕೆ ಹಳೆಯ ಕಾರಣವುಂಟು. ಎಕಂಬಾ, ಔರಾದ, ಭಾಲ್ಕಿ, ಬೀದರ ಈ ಸೀಮೆಯೆಲ್ಲವೂ 1948ರ ಸೆಪ್ಟೆಂಬರಿನ ತನಕ ನಿಜಾಮರ ಆಳಿಕೆಯಲ್ಲಿತ್ತು. ಅಲ್ಲಿ ಪೂರ್ವದಲ್ಲಿ ಕಂದಾಯವನ್ನು ಗುತ್ತೆಗೆ ಕೊಡುವ ಪದ್ಧತಿಯಿತ್ತು. ಗುತ್ತೆ ಹಿಡಿದವನು ಅರಸನಿಗೆ ಇಷ್ಟೆಂದು ಒಪ್ಪಿ, ರೈತನಿಂದ ತನಗೆ ಸಾಧ್ಯವಾದಷ್ಟನ್ನು ಹಿಂಡುತ್ತಿದ್ದನು. ದಿವಾನ ಒಂದನೆಯ ಸಾಲಾರ ಜಂಗನು 1865ರಲ್ಲಿ ಜಿಲ್ಲಾಬಂದಿಯನ್ನು ಮಾಡಿ, ಸಂಬಳದ ಅಧಿಕಾರಿಗಳನ್ನಿಟ್ಟು, ಇದನ್ನು ಬಹುಮಟ್ಟಿಗೆ ತಿದ್ದಿದನು. ಆದರೂ ಸರ್ಫ್-ಎ-ಖಾಸ್ ಎಂಬ ಜಮೀನುಗಳ ಉತ್ಪನ್ನವು ನಿಜಾಮರ ಸ್ವಂತ ಬೊಕ್ಕಸಕ್ಕೆ ಹೋಗುತ್ತಿತ್ತು. ಇದು 1949ರಲ್ಲಿಯೇ ಕೊನೆಗೊಂಡಿತು. ಅರಸನು ತನ್ನ ಚೀಲದಿಂದ ಏನಾದರೂ ಕೊಟ್ಟರೆ ಅದು ಕೃಪೆ. ಕೊಡದಿದ್ದರೆ ಯಾಕೆಂದು ಕೇಳುವವರಿಲ್ಲ. ಆದದರಿಂದಲೇ ನಮ್ಮ ಹಿರಿಯರು ಅರ್ಜಿಯ ತಲೆಯಲ್ಲಿ ‘ಮಾಯಬಾಪ ಸರಕಾರ’ ಎಂದು ಬರೆಯಿಸುತ್ತಿದ್ದರು. ತಾಯಿತಂದೆಗಳ ಹತ್ತಿರ ಯಾವ ಮಗನು ಲೆಕ್ಕ ಕೇಳುವನು?

ಜಮಾಬಂದಿ ಎಂಬ ಮಾತನ್ನು ನೋಡಿರಿ. ಆ ಕಾಲದಲ್ಲಿ ಜಮಾಬಂದಿಯೆಂದರೆ ರೈತನು ಅಧಿಕಾರಿಯ ಮುಂದೆ ಕೈಕಟ್ಟಿ ನಿಂತು, ತಾನು ಎಷ್ಟು ಬಿತ್ತಿದೆನು, ಎಷ್ಟು ಕಟ್ಟತಕ್ಕದ್ದು ಎಂದು ಲೆಕ್ಕ ಒಪ್ಪಿಸುವ ದಿನ. ಇಂದಿಗೂ ಆ ಮಾತು ಉಳಿದಿದೆ. ಆದರೆ ನಿಂತವರು ಅದಲುಬದಲಾಗಿದ್ದಾರೆ. ಕರ್ನಾಟಕದಲ್ಲಿ 2004ರ ನಿಯಮಗಳ ಪ್ರಕಾರ ಪ್ರತಿ ವರುಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗ್ರಾಮ ಪಂಚಾಯತಿಯ ಜಮಾಬಂದಿ ನಡೆಯತಕ್ಕದ್ದು. ಅದರಲ್ಲಿ ಹಿಂದಿನ ವರುಷ ಬಂದ ಹಣವೆಷ್ಟು, ಖರ್ಚಾದದ್ದೆಷ್ಟು, ಕಟ್ಟಿದ ಗಟಾರವೆಲ್ಲಿ, ತೋಡಿದ ಬಾವಿಯೆಲ್ಲಿ ಎಂಬದನ್ನು ಪಂಚಾಯತಿಯವರು ಜನರ ಮುಂದೆ ಒಪ್ಪಿಸಬೇಕು, ದಫ್ತರವನ್ನು ತೆರೆದಿಡಬೇಕು. ಅಂದು ರೈತನು ಲೆಕ್ಕ ಕೊಟ್ಟನು, ಇಂದು ರೈತನು ಲೆಕ್ಕ ಕೇಳತಕ್ಕವನು. ಎಷ್ಟೋ ರಾಜ್ಯಗಳು ಬಿದ್ದು ಎದ್ದ ಮೇಲೆ ಈ ಒಂದು ಬದಲಾವಣೆ ನಮ್ಮ ಊರಿಗೆ ಬಂದಿದೆ.

ಆದರೆ ನಾವು ಏನು ಮಾಡುತ್ತೇವೆ? ಡಂಗುರ ಕೇಳಿದರೂ ಸೋಯಾಬೀನಿನ ಕಳೆ ತೆಗೆಯುವ ಕೆಲಸವಿದೆಯೆಂದು ಹೊಲಕ್ಕೆ ಹೋಗುತ್ತೇವೆ. ಹೋದವರೂ ಮನೆ ಸಿಕ್ಕುವದೋ ಇಲ್ಲವೋ ಎಂಬದನ್ನು ಕೇಳಿ, ಸಹಿ ಹಾಕಿ ಬರುತ್ತೇವೆ. ಇದನ್ನು ಬೇರೆಯವರ ಮೇಲೆ ಹೊರಿಸುವದಿಲ್ಲ. ನಾವು ಕೂಡ ಮುಂದಿಟ್ಟ ಕಾಗದವನ್ನು ಓದದೆ ಸಹಿ ಹಾಕಿದವರೇ. ಅದರಲ್ಲಿ ಏನಿತ್ತೆಂದು ಆಮೇಲೆ ಒಬ್ಬ ಹುಡುಗನು ಕೇಳಿದಾಗ ಉತ್ತರ ಹೇಳಲಾರದೆ ನಾಚಿದೆವು. ಓದು ಬಾರದವನು ಹೆಬ್ಬೆಟ್ಟು ಒತ್ತುವದಕ್ಕೆ ಕ್ಷಮೆಯುಂಟು. ಓದು ಬಂದು ಓದದವನಿಗೆ ಯಾವ ಕ್ಷಮೆ?

ಓದದೆ ಒತ್ತಿದ ಮುದ್ರೆಯು ಏನು ಮಾಡಬಲ್ಲದೆಂಬದಕ್ಕೆ ನಮ್ಮ ಬೀದರಿನಲ್ಲಿಯೇ ಸಾಕ್ಷಿಯುಂಟು. ಅಲ್ಲಿ 1472ರಲ್ಲಿ ಕಟ್ಟಲ್ಪಟ್ಟ ಮದರಸೆಯನ್ನು ನೋಡದವರು ವಿರಳ. ಅದನ್ನು ಕಟ್ಟಿಸಿದ ಮಹಮೂದ ಗವಾನನು ಇರಾನ ದೇಶದ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನೀ ಅರಸರ ಮಂತ್ರಿಯಾದನು. ಅವನು ಜಮೀನನ್ನು ಅಳೆಯಿಸಿದನು. ರಾಜ್ಯದ ನಾಲ್ಕು ತರಫುಗಳನ್ನು ಎಂಟು ಮಾಡಿ, ಅನೇಕ ಕೋಟೆಗಳನ್ನು ಹಿಡಿದುಕೊಂಡು ಯಾರಿಗೂ ಲೆಕ್ಕ ಕೊಡದಿದ್ದ ತರಫದಾರರಿಗೆ ಒಂದೊಂದೇ ಕೋಟೆಯನ್ನು ಉಳಿಸಿದನು. ಲೆಕ್ಕ ಕೇಳಿದವನ ಮೇಲೆ ಹಗೆ ಹುಟ್ಟುವದು ಸಹಜ. ಅವನ ವೈರಿಗಳು ಮುದ್ರೆ ಕಾಯುವ ಸೇವಕನನ್ನು ಕುಡಿಸಿ, ಬರೀ ಕಾಗದದ ಮೇಲೆ ಮುದ್ರೆಯೊತ್ತಿಸಿ, ಒಡಿಶಾದ ಅರಸನನ್ನು ದಂಡೆತ್ತಿ ಬರಲು ಕರೆಯುವ ಪತ್ರವೊಂದನ್ನು ಅದರ ಮೇಲೆ ಬರೆದರು. ಅರಸನಾದ ಮೂರನೆಯ ಮಹಮ್ಮದ ಶಹನು ವಿಚಾರಣೆಯಿಲ್ಲದೆ 1481ರ ಏಪ್ರಿಲಿನಲ್ಲಿ ಆ ವೃದ್ಧನ ತಲೆ ಹೊಡೆಯಿಸಿದನು.

ಆಮೇಲೆ ನಡೆದದ್ದನ್ನು ಫಿರಿಶ್ತಾ ಎಂಬ ಚರಿತ್ರೆಕಾರನು ಬರೆದಿದ್ದಾನೆ. ಅರಸನು ಮಂತ್ರಿಯ ಐಶ್ವರ್ಯವೆಲ್ಲಿ ಎಂದು ಅವನ ಖಜಾನೆಯವನನ್ನು ಕೇಳಲು, ಅವನು ಎರಡು ಲೆಕ್ಕಗಳನ್ನು ತೋರಿಸಿದನಂತೆ. ಒಂದು ಅರಸನ ಖಜಾನೆ. ಅದರಿಂದ ದಂಡಿನ ಮತ್ತು ಕುದುರೆ ಆನೆಗಳ ಖರ್ಚು ನಡೆಯುತ್ತಿತ್ತು. ಇನ್ನೊಂದು ಬಡವರ ಖಜಾನೆ. ಅದರಲ್ಲಿ ಉಳಿದಿದ್ದದ್ದು ಅತ್ಯಲ್ಪ. ಮಂತ್ರಿಯ ಊಟವು ಅವನ ಸ್ವಂತ ವ್ಯಾಪಾರದ ಲಾಭದಿಂದ ನಡೆದಿತ್ತು. ಅವನು ಮಣ್ಣಿನ ಗಡಿಗೆಯಲ್ಲಿ ಬೇಯಿಸಿದ್ದನ್ನು ಉಂಡು ಚಾಪೆಯ ಮೇಲೆ ಮಲಗುತ್ತಿದ್ದನು. ಲೆಕ್ಕವು ಅವನನ್ನು ನಿರಪರಾಧಿಯೆಂದು ಸಾರಿತು. ಆದರೆ ಅರಸನು ಮೊದಲು ಕೊಂದು ಆಮೇಲೆ ಲೆಕ್ಕ ಕೇಳಿದ್ದನು.

ಈ ಚರಿತ್ರೆಯಲ್ಲಿ ನಮಗೆ ಎರಡು ಪಾಠಗಳುಂಟು. ಬರೀ ಕಾಗದದ ಮೇಲೆ ಒತ್ತಿದ ಗುರುತು ನಿರಪರಾಧಿಯ ಕೊರಳಿಗೆ ಹಗ್ಗವಾಗಬಹುದೆಂಬದು ಒಂದು. ಮತ್ತೊಂದು ಇದಕ್ಕಿಂತ ದೊಡ್ಡದು: ಲೆಕ್ಕವು ಕಳ್ಳನನ್ನು ಹಿಡಿಯುವದಕ್ಕೆ ಮಾತ್ರವಲ್ಲ, ಸತ್ಯವಂತನನ್ನು ಕಾಯುವದಕ್ಕೂ ಬೇಕು. ಗಿಡದ ಕಟ್ಟೆಯ ಮೇಲೆ ಕೂತು ಪಂಚಾಯತಿಯವರೆಲ್ಲರೂ ತಿನ್ನುವವರೇ ಎಂದು ಹೇಳುವದು ಸುಲಭ. ಜಮಾಬಂದಿಗೆ ಹೋಗದೆ, ದಫ್ತರ ನೋಡದೆ ಹೀಗೆ ಹೇಳುವವನು ಆ ಅರಸನ ಸರಿಜೋಡಿಯಾಗಿದ್ದಾನೆ. ಎಲ್ಲರಿಗೂ ಕಳ್ಳರೆಂಬ ಹೆಸರು ಬಂದ ಊರಲ್ಲಿ ಪ್ರಾಮಾಣಿಕನಿಗೆ ಉತ್ಸಾಹ ಉಳಿಯುವದಿಲ್ಲ, ಕಳ್ಳನಿಗೆ ನಾಚಿಕೆ ಉಳಿಯುವದಿಲ್ಲ.

ಬಡವರು ಲೆಕ್ಕ ಕೇಳುವದು ಆಗದ ಮಾತೆಂದು ಯಾರೂ ಹೇಳಬಾರದು. ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ 1994ರ ಡಿಸೆಂಬರಿನಲ್ಲಿ ಕೂಲಿಯವರು ಗುಡಾರದ ಕೆಳಗೆ ಕೂಡಿ, ಹಾಜರಿಪಟ್ಟಿಗಳನ್ನು ಎಲ್ಲರೂ ಕೇಳುವಂತೆ ಗಟ್ಟಿಯಾಗಿ ಓದಿಸಿದರು. ಕೆಲಸಕ್ಕೆ ಬಾರದವರ ಹೆಸರುಗಳು ಅದರಲ್ಲಿ ಹೊರಬಿದ್ದವು. ಅಂಥ ಸಭೆಗಳಿಂದ ಹುಟ್ಟಿದ ಬೇಡಿಕೆಯು ಬೆಳೆದು 2005ರ ಮಾಹಿತಿ ಹಕ್ಕಿನ ಕಾನೂನಾಯಿತು. ಅದೇ ವರುಷದ ಉದ್ಯೋಗ ಖಾತರಿಯ ಕಾನೂನು 2006ರ ಫೆಬ್ರವರಿಯಲ್ಲಿ ಆರಂಭವಾದಾಗ ಮೊದಲನೆಯ ಸಾಲಿನ 200 ಜಿಲ್ಲೆಗಳಲ್ಲಿ ಬೀದರವೂ ಒಂದಾಗಿತ್ತು. ಕೆಲಸದ ಲೆಕ್ಕವನ್ನು ಗ್ರಾಮಸಭೆಯೇ ಪರೀಕ್ಷಿಸತಕ್ಕದ್ದೆಂದು ಅದರ 17ನೆಯ ಪ್ರಕರಣವು ವಿಧಿಸಿತು. ಆ ಕಾನೂನಿನ ಸ್ಥಳದಲ್ಲಿ ಬೇರೊಂದನ್ನು ಪಾರ್ಲಿಮೆಂಟು 2025ರ ಡಿಸೆಂಬರಿನಲ್ಲಿ ಅಂಗೀಕರಿಸಿತು. ಯೋಜನೆಗಳ ಹೆಸರು ಬದಲಾಗುತ್ತಾ ಹೋಗುವದು; ಪಟ್ಟಿಯನ್ನು ಗಟ್ಟಿಯಾಗಿ ಓದಬೇಕೆಂಬ ಅಗತ್ಯವು ಬದಲಾಗದು.

ಇಲ್ಲಿ ಕೆಲವರು ಆಕ್ಷೇಪಿಸುವರು. ದೊಡ್ಡವರು ಕೋಟಿಗಟ್ಟಲೆ ನುಂಗುವಾಗ ಬಡವನ ನಾಲ್ಕು ದಿನದ ಸುಳ್ಳು ಹಾಜರಿಯನ್ನು ಯಾಕೆ ಎತ್ತುತ್ತೀರಿ ಎನ್ನುವರು. ಈ ಮಾತಿನಲ್ಲಿ ನೋವಿದೆ, ನಾವು ಅದನ್ನು ತಳ್ಳಿಬಿಡುವದಿಲ್ಲ. ದೊಡ್ಡ ಕಳ್ಳನ ದೋಷವು ದೊಡ್ಡದೇ, ಅವನ ದಂಡನೆಯೂ ದೊಡ್ಡದಾಗಿರಬೇಕು. ಆದರೆ ಆ ದೊಡ್ಡವನು ಬಡವನ ಹೆಸರಿನಲ್ಲಿ ಸುಳ್ಳು ಹಾಜರಿ ಬರೆದು ಅವನಿಗೆ ಸ್ವಲ್ಪ ಕೊಡುವದು ಯಾತಕ್ಕೆ? ಅವನ ಬಾಯಿ ಮುಚ್ಚುವದಕ್ಕೆ. ಚೂರು ತಿಂದವನು ರೊಟ್ಟಿಯ ಲೆಕ್ಕ ಕೇಳಲಾರನು. ಆದದರಿಂದ ಬಡವನು ಆ ಚೂರನ್ನು ಬೇಡವೆನ್ನುವದು ದೊಡ್ಡವನ ಮೇಲಿನ ಕರುಣೆಯಿಂದಲ್ಲ, ತನ್ನ ನಾಲಿಗೆಯನ್ನು ಮಾರಿಕೊಳ್ಳದೆ ಇರುವದಕ್ಕೆ.

ಮತ್ತೆ ಕೆಲವರು, ಕೇಳಿದರೆ ಇದ್ದ ರೇಷನ್ ಕಾರ್ಡಿಗೂ ಕುತ್ತು ಬರುವದೆಂದು ಅಂಜುವರು. ಇದು ಬರೀ ನೆವವಲ್ಲ. ಒಬ್ಬನೇ ಎದ್ದು ನಿಂತವನನ್ನು ಗುರಿಮಾಡುವದು ಸುಲಭ. ಇಪ್ಪತ್ತು ಮನೆಯವರು ಒಟ್ಟಾಗಿ ಹೋಗಿ, ಸಿಟ್ಟಿಲ್ಲದೆ ಮರ್ಯಾದೆಯಿಂದ ಕೇಳಿದರೆ ಅದು ಅಷ್ಟು ಸುಲಭವಲ್ಲ.

ಇನ್ನು ಕೊಡುವವರ ವಿಷಯ. ಹಸಿದವರಿಗೆ ಅಕ್ಕಿ ಕೊಡುವದನ್ನೂ ಗಂಡನಿಲ್ಲದವಳಿಗೆ ಮಾಸಾಶನ ಕೊಡುವದನ್ನೂ ನಾವು ನಿಂದಿಸುವದಿಲ್ಲ, ಅದು ನ್ಯಾಯವಾದದ್ದೇ. ಆದರೆ ಕೊಡುತ್ತೇನೆಂದು ಹೇಳುವವನು ಎಲ್ಲಿಂದ ತರುತ್ತೇನೆಂಬದನ್ನೂ ಹೇಳಬೇಕು. ಕರ್ನಾಟಕ ಸರಕಾರದ 2025–26ರ ಆಯವ್ಯಯದ ಗಾತ್ರವು ರೂ. 4,09,549 ಕೋಟಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ ಸುಮಾರು ರೂ. 51,000 ಕೋಟಿ ಇಡಲ್ಪಟ್ಟಿತು; ಅದೇ ವರುಷಕ್ಕೆ ತರುವದೆಂದು ಬರೆದ ಸಾಲವು ರೂ. 1,16,000 ಕೋಟಿ. ಸಾಲವೆಲ್ಲವೂ ಕೆಟ್ಟದ್ದಲ್ಲ. ಬಾವಿ ತೋಡುವದಕ್ಕೆ ರೈತನು ಸಾಲ ಮಾಡಿದರೆ ಬಾವಿಯೇ ಅದನ್ನು ತೀರಿಸುವದು. ದಿನದ ಹಿಟ್ಟಿಗೆ ಸಾಲ ಮಾಡಿದರೆ ಅದನ್ನು ತೀರಿಸುವವರು ಮಕ್ಕಳು; ಅವರನ್ನು ಯಾರೂ ಕೇಳಿರುವದಿಲ್ಲ. ಸರಕಾರದ ಸಾಲವು ಇವೆರಡರಲ್ಲಿ ಯಾವ ಬಗೆಯದೆಂದು ಕೇಳುವ ಹಕ್ಕು ಎಕಂಬಾದ ಕೂಲಿಯವನಿಗೂ ಉಂಟು.

ಇದೇ ಪ್ರಶ್ನೆ ನಮ್ಮ ಸೀಮೆಗಾಗಿ ಬರುವ ಹಣಕ್ಕೂ ಸಲ್ಲುವದು. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ವರದಿಯನ್ನೊಪ್ಪಿಸಿ, ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ಗುಲ್ಬರ್ಗಾ ವಿಭಾಗದಲ್ಲಿಯೇ ಇವೆಯೆಂದು ತೋರಿಸಿತು. ತರುವಾಯ ಸಂವಿಧಾನದಲ್ಲಿ 371ಜೆ ಎಂಬ ವಿಧಿ ಸೇರಿತು. ಪ್ರದೇಶಾಭಿವೃದ್ಧಿ ಮಂಡಳಿಯೂ ಆಯಿತು. 2025–26ಕ್ಕೆ ಅದಕ್ಕೆ ರೂ. 5,000 ಕೋಟಿ ಘೋಷಿಸಲ್ಪಟ್ಟಿತು. ಘೋಷಣೆಯು ಕೇವಲ ಬೀಜ. ಅದು ನಮ್ಮ ಶಾಲೆಯ ಗೋಡೆಯಾಯಿತೋ, ದವಾಖಾನೆಯ ಔಷಧವಾಯಿತೋ ಎಂಬದನ್ನು ಕಲಬುರಗಿಯಲ್ಲಿ ಕೂತವನಿಗಿಂತ ಆ ಗೋಡೆಯ ಪಕ್ಕದಲ್ಲಿ ಇರುವವನು ಚೆನ್ನಾಗಿ ನೋಡಬಲ್ಲನು. ಹಣವು ಜನರಿಂದ ಎಷ್ಟು ದೂರವಾಗಿ ಖರ್ಚಾಗುವದೋ ಅಷ್ಟು ಕಣ್ಣುಗಳು ಅದಕ್ಕೆ ಕಡಿಮೆಯಾಗುವವು. ಆದದರಿಂದ ಊರು ಮಾಡಬಲ್ಲ ಕೆಲಸವನ್ನು ಊರಿಗೇ ಬಿಡುವದು ಒಳ್ಳೇದು. ಹಾಗೆ ಬಿಡಲ್ಪಟ್ಟ ಊರು ಎಚ್ಚರವಾಗಿರುವದೂ ಅಗತ್ಯ.

ಕೊನೆಗೆ ನಮ್ಮ ಮನೆಯ ಮಾತು. ಸುಗ್ಗಿಯ ಕಾಣಿಕೆಯ ಜೋಳವನ್ನು ಅಳೆದವರು ಯಾರು, ಮಾರಿದ ಬೆಲೆ ಎಷ್ಟು, ದೇವಾಲಯದ ಚಾವಣಿಗೆ ಹೋದದ್ದು ಎಷ್ಟು ಎಂಬದು ನಮ್ಮ ಸಭೆಗಳಲ್ಲಿ ಎಲ್ಲರ ಮುಂದೆ ಓದಲ್ಪಡುತ್ತದೋ? ಓದಲ್ಪಡದ ಕಡೆ ಮೊದಲು ಅದನ್ನು ಓದಿಸೋಣ. ತನ್ನ ಚೀಲವನ್ನು ಬಿಚ್ಚಿ ತೋರಿಸದವನು ಪರರ ಚೀಲವನ್ನು ತೋರಿಸೆಂದು ಯಾವ ಬಾಯಿಂದ ಹೇಳುವನು? ಬಳಿಕ ಆಗಸ್ಟ್ ತಿಂಗಳಲ್ಲಿ ಡಂಗುರದ ಧ್ವನಿ ಕೇಳಿದಾಗ, ಒಂದು ದಿನದ ಕಳೆ ಕೆಲಸವನ್ನು ಬಿಟ್ಟು ಜಮಾಬಂದಿಗೆ ಹೋಗೋಣ. ಓದಬಲ್ಲ ಮಗಳನ್ನು ಜೊತೆಯಲ್ಲಿ ಕರೆದುಕೊಂಡು ಹೋಗೋಣ; ಅವಳು ಓದಲಿ, ನಾವು ಕೇಳೋಣ. ಲೆಕ್ಕ ಸರಿಯಾಗಿದ್ದರೆ ಆ ಸೇವಕನಿಗೆ ಎಲ್ಲರ ಮುಂದೆ ಉಪಕಾರ ಹೇಳೋಣ. ಸರಿಯಿಲ್ಲದಿದ್ದರೆ ಯಾಕೆಂದು ಕೇಳೋಣ. ಹೊಲದ ಕಳೆಯನ್ನು ಮರುದಿನವೂ ಕೀಳಬಹುದು. ವರುಷಕ್ಕೊಮ್ಮೆ ತೆರೆಯುವ ಆ ದಫ್ತರವು ನಾವು ಬಾರದಿದ್ದರೆ ಹಾಗೆಯೇ ಮುಚ್ಚಲ್ಪಡುವದು.