ದಾಕ್ಷಿಣ್ಯವೂ ಲಂಚವೂ

ಕೊಡುವ ಕೈಯೂ ತೆಗೆದುಕೊಳ್ಳುವ ಕೈಯೂ ಒಂದನ್ನೊಂದು ಮುಟ್ಟುವ ಕ್ಷಣದಲ್ಲಿ ನಡೆದುದು ದಾನವೊ, ಉಡುಗೊರೆಯೊ, ಲಂಚವೊ ಎಂಬುದನ್ನು ಹೊರಗಿನವರು ನೋಡಿದ ಮಾತ್ರಕ್ಕೆ ಹೇಳುವುದು ಸುಲಭವಲ್ಲ. ಮೂರರಲ್ಲಿಯೂ ಹಣದ ಬಣ್ಣ ಒಂದೇ. ಮೂರರಲ್ಲಿಯೂ ಇಬ್ಬರ ಮುಖದ ಮೇಲೂ ನಗೆಯಿರುತ್ತದೆ. ಅಧಿಕಾರಸ್ಥರ ಭ್ರಷ್ಟತೆಯನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ದುರಾಶೆಯೊಂದನ್ನೇ ಅದರ ಮೂಲವೆಂದು ಹಿಡಿದು, ಅದನ್ನು ಬೈದು ತೃಪ್ತರಾಗುತ್ತಾರೆ. ದುರಾಶೆ ಕಾರಣವಲ್ಲವೆಂದಲ್ಲ. ಆದರೆ ಅದೊಂದೇ ಕಾರಣವಾಗಿದ್ದರೆ ರೋಗಕ್ಕೆ ಮದ್ದು ಎಂದೋ ದೊರೆಯುತ್ತಿತ್ತು. ದುರಾಶೆಯನ್ನು ಎಲ್ಲರೂ ಗುರುತಿಸಬಲ್ಲರು. ಭ್ರಷ್ಟತೆ ಬಹುಮಟ್ಟಿಗೆ ಒಳಹೊಗುವುದು ಜನರು ಸದ್ಗುಣಗಳೆಂದೇ ಎಣಿಸುವ ಸ್ನೇಹ, ಕೃತಜ್ಞತೆ, ದಾಕ್ಷಿಣ್ಯಗಳ ಬಾಗಿಲಿನಿಂದ. ಕಾಲ್ಚೆಂಡಿನಾಟವನ್ನು ಜಗತ್ತಿನಲ್ಲೆಲ್ಲ ಆಳುತ್ತಿರುವ ಫೀಫಾ ಎಂಬ ಮಂಡಲಿಯ ಈಚಿನ ಚರಿತ್ರೆಯನ್ನು ನೋಡಿದರೆ ಈ ಮಾತು ವಿಶದವಾಗುತ್ತದೆ.

ಈ ಮಂಡಲಿ 1904ರಲ್ಲಿ ಪ್ಯಾರಿಸ್ ನಗರದಲ್ಲಿ ಯೂರೋಪಿನ ಏಳು ದೇಶಗಳ ಸಂಘಗಳು ಕೂಡಿ ಕಟ್ಟಿದ್ದು. ಈಗ ಅದರ ವಾಸಸ್ಥಾನ ಸ್ವಿಟ್ಜರ್ಲೆಂಡಿನ ಜೂರಿಕ್. ಆ ದೇಶದ ಕಾನೂನಿನ ದೃಷ್ಟಿಯಲ್ಲಿ ಅದೊಂದು ಸಾಮಾನ್ಯ ಸಂಘ; ಹಳ್ಳಿಯ ನಾಲ್ವರು ಹಾಡುಗಾರರು ಸೇರಿ ಭಜನಾಮಂಡಲಿ ಮಾಡಿಕೊಂಡರೆ ಅದಕ್ಕೆ ಯಾವ ನಿಯಮವೊ ಇದಕ್ಕೂ ಅದೇ. ಆ ಹಾಡುಗಾರರ ಪೆಟ್ಟಿಗೆಯಲ್ಲಿ ಬಹುಶಃ ದೀಪದೆಣ್ಣೆಯ ಹಣವಿದ್ದೀತು. ಫೀಫಾದ ಪೆಟ್ಟಿಗೆಗೆ 2011ರಿಂದ 2014ರವರೆಗಿನ ನಾಲ್ಕು ವರ್ಷಗಳಲ್ಲಿ ಬಂದುದು ಸುಮಾರು 570 ಕೋಟಿ ಡಾಲರು. ಇಷ್ಟು ಹಣಕ್ಕೆ ಒಡೆಯರು ಯಾರೆಂದರೆ ಯಾರೂ ಇಲ್ಲ. ಪಾಲುದಾರರಿಲ್ಲ, ತೆರಿಗೆ ಕೊಟ್ಟು ಲೆಕ್ಕ ಕೇಳುವ ಪ್ರಜೆಗಳಿಲ್ಲ. ಆಟವಾಡುವವರಿಗಾಗಿ ಕೆಲವರು ಕಾಪಾಡಿಕೊಂಡಿರಬೇಕಾದ ನ್ಯಾಸ ಅದು. ಮಂಡಲಿಯ ಅಧ್ಯಕ್ಷರನ್ನು ಆರಿಸುವಲ್ಲಿ ದೇಶಕ್ಕೊಂದು ಮತ. ನೂರು ಕೋಟಿಗೆ ಮಿಕ್ಕ ಜನರುಳ್ಳ ಇಂಡಿಯಾ ದೇಶಕ್ಕೆ ಒಂದು. ಸುಮಾರು ಐದು ಸಾವಿರ ಜನರಿರುವ ಮಾಂಟ್ಸೆರಾಟ್ ದ್ವೀಪಕ್ಕೂ ಒಂದು. ಈ ಸಮತೆಯನ್ನು ಹಳಿಯಬೇಕಾಗಿಲ್ಲ. ಬಡವನ ಮತವೂ ಧನಿಕನ ಮತವೂ ಒಂದೇ ತೂಕವೆನ್ನುವುದು ಒಳ್ಳೆಯ ತತ್ತ್ವವೇ. ಆದರೆ ಬಡವನ ಮತಕ್ಕೆ ಬೆಲೆ ಬಂದ ಕೂಡಲೆ ಕೊಳ್ಳುವವನೂ ಬರುತ್ತಾನೆ.

2011ರ ಮೇ 10ನೆಯ ದಿನ ಟ್ರಿನಿಡಾಡ್ ದ್ವೀಪದ ಪೋರ್ಟ್ ಆಫ್ ಸ್ಪೇನ್ ನಗರದ ಒಂದು ದೊಡ್ಡ ಹೋಟಲಿನಲ್ಲಿ ಕೆರಿಬಿಯನ್ ದ್ವೀಪಗಳ ಕಾಲ್ಚೆಂಡು ಸಂಘಗಳ ಪ್ರತಿನಿಧಿಗಳು ನೆರೆದಿದ್ದರು. ಮೂರು ವಾರಗಳಲ್ಲಿ ಫೀಫಾದ ಅಧ್ಯಕ್ಷಪದವಿಯ ಚುನಾವಣೆ. ಅಂದಿನ ಅಧ್ಯಕ್ಷ ಸೆಪ್ ಬ್ಲಾಟರ್ ಅವರಿಗೆ ಇದಿರಾಗಿ ನಿಂತಿದ್ದ ಕತಾರಿನ ಮೊಹಮ್ಮದ್ ಬಿನ್ ಹಮ್ಮಾಮ್ ಬಂದು ಭಾಷಣಮಾಡಿದರು. ಅಂದು ಮಧ್ಯಾಹ್ನ ಪ್ರತಿನಿಧಿಗಳಿಗೆ ಹೋಟಲಿನ ಒಂದು ಕೋಣೆಗೆ ಹೋಗಿ ಉಡುಗೊರೆ ಪಡೆಯಬೇಕೆಂದು ಸೂಚನೆಯಾಯಿತು. ಒಬ್ಬೊಬ್ಬರಾಗಿ ಹೋದರು. ಕೈಗೆ ಬಂದುದು ಮುಚ್ಚಿದ ಲಕೋಟೆ. ಬಹಾಮಾ ದ್ವೀಪಗಳ ಸಂಘದ ಉಪಾಧ್ಯಕ್ಷರು ಅದನ್ನು ಒಡೆದು ನೋಡಿದರೆ ನೂರು ಡಾಲರಿನ ನೋಟುಗಳ ನಾಲ್ಕು ಕಟ್ಟುಗಳು, ಒಟ್ಟು 40,000 ಡಾಲರು. ಅವರು ತಮ್ಮ ಅಧ್ಯಕ್ಷರಿಗೆ ತಿಳಿಸಿ, ಹಣದ ಛಾಯಾಚಿತ್ರ ತೆಗೆದುಕೊಂಡು, ಅದನ್ನು ಹಿಂದಕ್ಕೆ ಕೊಟ್ಟರು. ಸುದ್ದಿ ಹೊರಬಿದ್ದುದು ಹೀಗೆ. ಮರುದಿನ ಆ ಪ್ರಾಂತದ ಮುಖ್ಯಸ್ಥರಾದ ಜ್ಯಾಕ್ ವಾರ್ನರ್ ಸಭೆಯವರನ್ನು ಗದರಿಸಿದರು: ಅಷ್ಟು ಪುಣ್ಯವಂತರಾದವರು ಇಗರ್ಜಿಗೆ ಹೋಗಲಿ, ಸಂಘದ ವ್ಯವಹಾರ ಸಂಘದೊಳಗೇ ಇರಲಿ ಎಂಬುದು ಅವರ ಮಾತಿನ ತಾತ್ಪರ್ಯ. ಬಿನ್ ಹಮ್ಮಾಮರಿಗೆ ವಿಧಿಸಿದ ಆಜೀವ ಬಹಿಷ್ಕಾರವನ್ನು ಕ್ರೀಡಾವ್ಯಾಜ್ಯಗಳ ನ್ಯಾಯಪೀಠ 2012ರಲ್ಲಿ ಸಾಕ್ಷ್ಯ ಸಾಲದೆಂದು ರದ್ದುಮಾಡಿತು. ನಿರಪರಾಧಿಗಳೆಂದು ಮಾತ್ರ ಸಾರಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಬೇರೆ ಕಾರಣಗಳಿಗಾಗಿ ಅವರು ಮತ್ತೆ ಬಹಿಷ್ಕೃತರಾದರು.

ಕೋಣೆಯೊಳಗೆ ಹೋದವರೆಲ್ಲ ಕಳ್ಳರೆಂದು ತೀರ್ಮಾನಿಸುವುದು ನ್ಯಾಯವಲ್ಲ. ಅವರ ಪರವಾಗಿ ಹೇಳಬಹುದಾದ ಮಾತುಗಳಿವೆ. ಬಡ ದ್ವೀಪದ ಸಂಘಕ್ಕೆ ಮೈದಾನವಿಲ್ಲ, ಚೆಂಡಿಲ್ಲ; ಬಂದ ಹಣ ಹುಡುಗರಿಗಾಗಿಯೇ ವೆಚ್ಚವಾಗಲಿ ಎಂದುಕೊಂಡವರಿದ್ದಿರಬಹುದು. ಹಿರಿಯರಾದವರು ಕರೆದು ಕೊಟ್ಟುದನ್ನು ಬೇಡವೆಂದರೆ ಅವಮಾನಮಾಡಿದಂತಾಗುವುದೆಂದು ಅಳುಕಿದವರಿದ್ದಿರಬಹುದು. ಎಲ್ಲರೂ ತೆಗೆದುಕೊಂಡಾಗ ತಾನೊಬ್ಬನೇ ಒಲ್ಲೆನೆನ್ನುವುದು ಉಳಿದವರನ್ನು ಕಳ್ಳರೆಂದು ಕರೆದಂತೆಯೇ ಸರಿ. ಅದಕ್ಕೆ ಬೇಕಾದ ಎದೆ ಎಲ್ಲರಿಗೂ ಇರುವುದಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದೆಂಬ ನೀತಿಯನ್ನು ಮಕ್ಕಳಿಗೆ ತೊಟ್ಟಿಲಲ್ಲಿಯೇ ಕಲಿಸುವ ಸಮಾಜಗಳು ಬಹಳ. ಆ ನೀತಿ ಸುಳ್ಳಲ್ಲ. ಆದರೆ ಅದು ಮನೆಯ ನೀತಿ. ತನ್ನ ಊಟಕ್ಕೆ ತನ್ನ ಶ್ರಮದಿಂದ ಋಣ ತೀರಿಸುವವನಿಗೆ ಸಲ್ಲುವ ಮಾತು ಅದು. ಪ್ರತಿನಿಧಿಯಾಗಿ ಕುಳಿತವನ ಬಳಿ ತನ್ನದೆಂಬುದು ಯಾವುದು? ಅವನ ಕೈಯಲ್ಲಿರುವ ಮತ ಅವನದಲ್ಲ, ಅವನನ್ನು ಕಳುಹಿಸಿದವರದು. ತಾನು ಪಡೆದ ಉಪಕಾರಕ್ಕೆ ಪರರ ಸೊತ್ತಿನಿಂದ ಪ್ರತ್ಯುಪಕಾರಮಾಡುವವನು ಕೃತಜ್ಞನೆನಿಸಲಾರನು. ಅವನ ಮನಸ್ಸಿನಲ್ಲಿ ಹುಟ್ಟಿದ ಭಾವ ಕೃತಜ್ಞತೆಯೇ ಇರಬಹುದು; ಅವನ ಕೃತ್ಯ ಮಾತ್ರ ಅಪಹಾರ.

ಕಾನೂನು ಅಪರಾಧವೆನ್ನದ ಕಡೆಯಲ್ಲಿ ಇಷ್ಟು ಕಟ್ಟುನಿಟ್ಟೇಕೆಂದು ಕೇಳುವವರುಂಟು. ಪ್ರಶ್ನೆ ಕೇವಲ ಕಲ್ಪಿತವಲ್ಲ. ಫೀಫಾದಿಂದ ಪ್ರಸಾರದ ಹಕ್ಕುಗಳನ್ನು ಕೊಂಡು ಮಾರುತ್ತಿದ್ದ ಐಎಸ್ಎಲ್ ಎಂಬ ವ್ಯಾಪಾರಸಂಸ್ಥೆ 2001ರಲ್ಲಿ ದಿವಾಳಿಯಾದಾಗ, ಅದು ಹಲವು ಕ್ರೀಡಾಧಿಕಾರಿಗಳಿಗೆ ಗುಟ್ಟಾಗಿ ಹಣ ಸಲ್ಲಿಸಿದ್ದ ಲೆಕ್ಕ ಹೊರಬಂದಿತು. 1974ರಿಂದ 1998ರವರೆಗೆ ಅಧ್ಯಕ್ಷರಾಗಿದ್ದ ಬ್ರೆಜಿಲಿನ ಜೊವಾವ್ ಹವೆಲಾಂಜ್ ಅವರಿಗೆ ಕನಿಷ್ಠ 15 ಲಕ್ಷ ಫ್ರಾಂಕು, ಅವರ ಅಳಿಯಂದಿರಾಗಿದ್ದ ರಿಕಾರ್ಡೊ ಟೆಷೇರ ಅವರಿಗೆ ಕನಿಷ್ಠ 127 ಲಕ್ಷ ಫ್ರಾಂಕು. ಆ ಕಾಲದ ಸ್ವಿಸ್ ಕಾನೂನಿನಲ್ಲಿ ಸರಕಾರಿ ನೌಕರನಲ್ಲದವನು ಇಂಥ ಹಣ ಪಡೆಯುವುದು ಲಂಚದ ಅಪರಾಧವಾಗಿರಲಿಲ್ಲ. ಒಂದು ಪ್ರಸಂಗವಂತೂ ನಗೆಯನ್ನೂ ದುಃಖವನ್ನೂ ಒಟ್ಟಿಗೆ ತರಿಸುವಂಥದು: 1997ರಲ್ಲಿ ಹವೆಲಾಂಜರಿಗಾಗಿ ಕಳುಹಿಸಿದ 15 ಲಕ್ಷ ಫ್ರಾಂಕು ದಾರಿ ತಪ್ಪಿ ಫೀಫಾದ ಲೆಕ್ಕಕ್ಕೇ ಬಂದು ಬಿದ್ದಿತು. ಅಂದು ಕಾರ್ಯದರ್ಶಿಗಳಾಗಿದ್ದ ಬ್ಲಾಟರ್ ಅದನ್ನು ಕಳುಹಿಸಿದವರಿಗೇ ಹಿಂದಿರುಗಿಸಿದರು. ಏಕೆ ಬಂದಿತೆಂದು ವಿಚಾರಿಸಿದಂತೆ ಕಾಣುವುದಿಲ್ಲ. 2013ರಲ್ಲಿ ಮಂಡಲಿಯ ನೀತಿಸಮಿತಿಯ ನ್ಯಾಯಾಧೀಶರು ಈ ನಡತೆಯನ್ನು ಅನಾಡಿತನವೆಂದರೇ ಹೊರತು ದೋಷವೆನ್ನಲಿಲ್ಲ. ಸಾವಿರ ಮಂದಿ ತಿನ್ನುವುದಕ್ಕಿಂತಲೂ, ತಿನ್ನದ ಒಬ್ಬನು ದಾಕ್ಷಿಣ್ಯದಿಂದ ಕಣ್ಣು ಬೇರೆಡೆಗೆ ಹೊರಳಿಸುವುದು ಸಂಸ್ಥೆಯನ್ನು ಹೆಚ್ಚು ಕೆಡಿಸುತ್ತದೆ.

ಲಕೋಟೆಯ ಹಣವನ್ನು ಖಂಡಿಸುವುದು ಕಷ್ಟವಲ್ಲ. ನಿಜವಾಗಿ ತೊಡಕಾದ ಪ್ರಶ್ನೆ ಹುಟ್ಟುವುದು ಲಕೋಟೆಯಿಲ್ಲದೆ, ಹಗಲಿನಲ್ಲಿ, ರಸೀದಿ ಸಹಿತವಾಗಿ ಕೊಡುವ ಹಣದಲ್ಲಿ. ಬ್ಲಾಟರ್ 1998ರಲ್ಲಿ ಅಧ್ಯಕ್ಷರಾದ ಮರುವರ್ಷವೇ ಬಡ ದೇಶಗಳ ಸಂಘಗಳಿಗೆ ಕಟ್ಟಡ, ಮೈದಾನಗಳನ್ನು ಕಟ್ಟಿಕೊಡುವ ಯೋಜನೆ ಮೊದಲಾಯಿತು. ಯೋಜನೆ ಒಳ್ಳೆಯದು; ಅದರಿಂದ ಮೈದಾನ ಕಂಡ ಊರುಗಳು ನಿಜವಾಗಿಯೂ ಇವೆ. ಆದರೆ ಫಲವೇನಾಯಿತು? 2015ರ ಮೇ 27ರಂದು ಬೆಳಗಿನ ಜಾವ ಜೂರಿಕಿನ ಹೋಟಲೊಂದರಲ್ಲಿ ಮಂಡಲಿಯ ಏಳು ಮಂದಿ ಅಧಿಕಾರಿಗಳನ್ನು ಪೊಲೀಸರು ಹಿಡಿದೊಯ್ದರು. ಇಪ್ಪತ್ತುನಾಲ್ಕು ವರ್ಷಗಳಲ್ಲಿ 15 ಕೋಟಿ ಡಾಲರಿಗೂ ಮೀರಿ ಲಂಚ ನಡೆದಿತ್ತೆಂಬುದು ಅಮೆರಿಕದ ಸರಕಾರದ ಆರೋಪ. ಎರಡೇ ದಿನ ಕಳೆದು ನಡೆದ ಚುನಾವಣೆಯಲ್ಲಿ ಬ್ಲಾಟರ್ ಅವರಿಗೆ 133 ಮತಗಳು, ಪ್ರತಿಸ್ಪರ್ಧಿಗೆ 73. ಆ 133 ಮಂದಿಗೆಲ್ಲ ಯಾರೂ ಲಕೋಟೆ ಕೊಟ್ಟಿರಲಿಲ್ಲ. ಕೊಟ್ಟಿದ್ದರೆಂದು ಯಾರೂ ಹೇಳಿಯೂ ಇಲ್ಲ. ಬ್ಲಾಟರ್ ನಾಲ್ಕೇ ದಿನಗಳಲ್ಲಿ ಪದವಿಯನ್ನು ಬಿಡುವುದಾಗಿ ಸಾರಬೇಕಾಯಿತು. ಮುಂದೆ ಅವರ ಮೇಲೆ ಸ್ವಿಟ್ಜರ್ಲೆಂಡಿನಲ್ಲಿ ನಡೆದ ಮೊಕದ್ದಮೆಯಲ್ಲಿ 2022ರಲ್ಲಿಯೂ, ಮೇಲ್ಮನವಿಯಲ್ಲಿ 2025ರಲ್ಲಿಯೂ ಬಿಡುಗಡೆಯಾಯಿತೆಂಬುದನ್ನು ಮರೆಯಲಾಗದು.

ಹಾಗಿದ್ದರೆ ತಪ್ಪೆಲ್ಲಿ? ನ್ಯಾಯವಾಗಿ ಸಲ್ಲಬೇಕಾದ ಪಾಲನ್ನು ಒಬ್ಬ ವ್ಯಕ್ತಿಯ ಕೃಪೆಯೆಂಬಂತೆ ಹಂಚಿದುದರಲ್ಲಿ. ನಿಯಮದಿಂದ ಬಂದ ಹಣ ಪಡೆದವನನ್ನು ಸ್ವತಂತ್ರನನ್ನಾಗಿಯೇ ಉಳಿಸುತ್ತದೆ. ಒಡೆಯನ ಪ್ರಸಾದವಾಗಿ ಬಂದ ಅಷ್ಟೇ ಹಣ ಅವನನ್ನು ಆಶ್ರಿತನನ್ನಾಗಿ ಮಾಡುತ್ತದೆ. ಕೊಟ್ಟವರ ಮನೆಯಿಂದ ಒಂದು ಕಾಸೂ ಹೋಗಿರುವುದಿಲ್ಲ, ಆದರೂ ಋಣ ಅವರಿಗೇ ಸಲ್ಲುತ್ತದೆ. ಪೂಜಾರಿ ದೇವರ ನೈವೇದ್ಯವನ್ನು ಹಂಚಿ ದಾನಿಯೆನಿಸಿಕೊಂಡಂತಾಯಿತು ಇದು.

2016ರ ಫೆಬ್ರುವರಿಯಲ್ಲಿ ಹೊಸ ಅಧ್ಯಕ್ಷರ ಚುನಾವಣೆ ನಡೆಯಿತು. ಅಧಿಕಾರದ ಅವಧಿಗೆ ಮಿತಿ, ಸಂಬಳಗಳ ಪ್ರಕಟಣೆ ಮೊದಲಾದ ಸುಧಾರಣೆಗಳನ್ನು ಅಂದೇ ಅಂಗೀಕರಿಸಿದರು, ಅವು ಬೇಕಾದುವೇ. ಅಭ್ಯರ್ಥಿಗಳಲ್ಲಿ ಒಬ್ಬರಾದ ಜಿಯಾನಿ ಇನ್‌ಫಾಂಟಿನೊ ಪ್ರತಿಯೊಂದು ಸಂಘಕ್ಕೂ ನಾಲ್ಕು ವರ್ಷಗಳಿಗೆ 50 ಲಕ್ಷ ಡಾಲರು ದೊರಕಿಸುವುದಾಗಿ ಮೊದಲೇ ಸಾರಿದ್ದರು. ಫೀಫಾದ ಹಣ ಅಧ್ಯಕ್ಷರದಲ್ಲ, ನಿಮ್ಮದು ಎಂಬರ್ಥದಲ್ಲಿ ಅವರು ಸಭೆಗೆ ಹೇಳಿದಾಗ ಚಪ್ಪಾಳೆಯಾಯಿತು. ಎರಡನೆಯ ಸುತ್ತಿನಲ್ಲಿ 115 ಮತಗಳಿಂದ ಆಯ್ಕೆಯೂ ಆಯಿತು. ಮಾತು ದಿಟ, ಅಧ್ಯಕ್ಷರದಲ್ಲವೆಂಬಷ್ಟರ ಮಟ್ಟಿಗೆ. ಆದರೆ ‘ನಿಮ್ಮದು’ ಎಂದಾಗ ಚಪ್ಪಾಳೆ ತಟ್ಟಿದವರು ಆ ಸಭಾಂಗಣದಲ್ಲಿ ಕುಳಿತಿದ್ದವರು. ಪೋರ್ಟ್ ಆಫ್ ಸ್ಪೇನಿನ ಆ ಕೋಣೆಯ ಮುಂದೆ ಒಬ್ಬೊಬ್ಬರಾಗಿ ನಿಂತವರೂ ಅವರಂಥ ಪ್ರತಿನಿಧಿಗಳೇ. ಚೆಂಡನ್ನು ಒದೆಯುವವರು ಎರಡು ಕಡೆಯಲ್ಲಿಯೂ ಇರಲಿಲ್ಲ.